ಒಂದೇ ಡಬ್ಬಿಯಲ್ಲಿ ಬೀಗ, ಬೀಗದ ಕೈ

ತರಗುಪೇಟೆಯ ಮಂಡಿಯಲ್ಲಿ ಒಂದು ಮೂಟೆ ಸೋನಾ ಮಸೂರಿ ಕೊಂಡು ಆಟೋಗೆ ಹಾಕಿಸಿದಿರಿ ಅನ್ನಿ. ಅದನ್ನು ಹಿತ್ತಾಳೆ ತಪ್ಪಲೆಯಲ್ಲಿ ಬೇಯಿಸುತ್ತೀರೋ ಕುಕ್ಕರಿನಲ್ಲೋ, ಬಿಸಿಬೇಳೆ ಬಾತು ಮಾಡುತ್ತೀರೋ ದೋಸೆಗೆ ನೆನೆಹಾಕುತ್ತೀರೋ, ಪಕ್ಕದ ಮನೆಯವರಿಗೆ ಎರಡು ಪಾವು ಕೈಗಡ ಕೊಡುತ್ತೀರೋ, ಮಂಡಿಯವರು ಕೇಳುವುದಿಲ್ಲ. ತೂಕ ಆಯಿತು, ದುಡ್ಡು ಎಣಿಸಿದ್ದಾಯಿತು, ಮೂಟೆ ಕೈ ಬದಲಾಯಿತು. ಅಲ್ಲಿಗೆ ಮಾರಿದವರ ಮಾತು ಮುಗಿಯಿತು. ‘ತರಗು’ ಎಂಬ ಹಳೆಯ ಮಾತಿಗೆ ದಲ್ಲಾಳಿ ಕೆಲಸ ಎಂದೇ ಅರ್ಥ. ದಲ್ಲಾಳಿಯ ಹೆಸರು ಹೊತ್ತ ಈ ಪೇಟೆಯಲ್ಲೂ ದಲ್ಲಾಳಿ ತನ್ನ ಪಾಲನ್ನು ವ್ಯಾಪಾರ ಕುದುರಿದಾಗ ಒಂದು ಸಲ ತೆಗೆದುಕೊಳ್ಳುತ್ತಾನೆಯೇ ಹೊರತು ಕೊಂಡವರ ಅಡುಗೆಮನೆಗೆ ಬಂದು ಕೂರುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಹಾಡಿನ ವ್ಯಾಪಾರದವರು ಮಾಡಿ ನೋಡಿದ ಪ್ರಯೋಗ ಇದಕ್ಕೆ ತೀರ ತಿರುವುಮುರುವು. ದುಡ್ಡು ಕೊಟ್ಟು ಕೊಂಡ ಹಾಡನ್ನು ಯಾವ ಕಂಪನಿಯ ಯಂತ್ರದಲ್ಲಿ ಕೇಳಬೇಕು, ಎಷ್ಟು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು, ಗೆಳೆಯನಿಗೆ ಕೇಳಿಸಿದರೆ ಎಷ್ಟು ದಿನ ಕೇಳಿಸಬಹುದು ಎಂಬುದನ್ನು ಮಾರಿದವರೇ ತೀರ್ಮಾನಿಸತೊಡಗಿದರು. ಇದಕ್ಕೆ ಅವರು ಕೊಟ್ಟ ಕಾರಣ ಒಂದೇ: ಕಳ್ಳ ಪ್ರತಿ ತಡೆಯಬೇಕು. ಆ ಬೀಗಕ್ಕೆ ಕಳ್ಳ ಪ್ರತಿಯನ್ನು ತಡೆಯುವ ಶಕ್ತಿ ಮೊದಲಿನಿಂದಲೂ ಇರಲಿಲ್ಲ. ಅದು ನಿಜವಾಗಿ ಮಾಡಿದ್ದು ಹಾಡಿಗೂ ಕಿವಿಗೂ ನಡುವೆ ಒಬ್ಬ ಕಾಯಂ ದಲ್ಲಾಳಿಯನ್ನು ಕೂರಿಸುವ ಕೆಲಸ. ಈ ಅಧ್ಯಾಯದ ವಾದ ಇಷ್ಟೇ.

ಅಕ್ಕಿಯ ಹೋಲಿಕೆ ಕುಂಟುತ್ತದೆ ಎಂದು ಯಾರಾದರೂ ಅಂದರೆ ಒಪ್ಪಬೇಕಾದ್ದೇ. ಅಕ್ಕಿ ಉಂಡರೆ ಮುಗಿಯಿತು. ಹಾಡಿನ ಫೈಲು ಅಕ್ಕಿಯಲ್ಲ, ಭತ್ತ. ಬಿತ್ತಿದರೆ ಮತ್ತೆ ಬೆಳೆಯುತ್ತದೆ. ಒಂದನ್ನು ಮಾರಿದವನ ಎದುರಿಗೇ ಅದು ಸಾವಿರವಾಗಬಹುದು ಎಂಬ ಭಯ ಸುಳ್ಳಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಈ ಭಯಕ್ಕೆ ಭೌತವಿಜ್ಞಾನವೇ ಒಂದು ಮಿತಿ ಹಾಕಿತ್ತು. ಎರಡು ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಸಿದಾಗ ಹಾಡಿನ ಜೊತೆಗೆ ಮೊದಲ ಟೇಪಿನ ‘ಸುಸ್’ ಸದ್ದೂ ಇಳಿಯುತ್ತದೆ, ಅದರ ಮೇಲೆ ಎರಡನೆಯ ಟೇಪು ತನ್ನದೇ ‘ಸುಸ್’ ಕೂಡಿಸುತ್ತದೆ. ಎರಡು ಟೇಪುಗಳೂ ಒಂದೇ ದರ್ಜೆಯವಾದರೆ ಒಂದೇ ಪ್ರತಿಗೆ ಗದ್ದಲದ ಶಕ್ತಿ ಇಮ್ಮಡಿಯಾಗುತ್ತದೆ, ಅಂದರೆ ಮೂರು ಡೆಸಿಬೆಲ್ ಏರುತ್ತದೆ. ತಾಳದ ಝಲ್ಲೆನ್ನುವ ಮೇಲಿನ ಸ್ವರಗಳು ಮಂಕಾಗುತ್ತವೆ. ಮೋಟರಿನ ಏರಿಳಿತದಿಂದ ಶ್ರುತಿ ತುಸು ತೂಗಾಡುತ್ತದೆ. ಪ್ರತಿಯ ಪ್ರತಿಯ ಪ್ರತಿ ಕೇಳುವ ಹೊತ್ತಿಗೆ ಹಾಡಿಗಿಂತ ಟೇಪೇ ಹೆಚ್ಚು ಕೇಳಿಸುತ್ತದೆ. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜವನ್ನು ಮತ್ತೆ ಬಿತ್ತಿದರೆ ಇಳುವರಿ ಬೀಳುವುದು ಹೇಗೋ ಹಾಗೆ. ಡಿಜಿಟಲ್ ಪ್ರತಿ ಮಾತ್ರ ನಾಟಿ ತಳಿಯಂಥದು. ಅಲ್ಲಿರುವುದು ಸೊನ್ನೆ ಮತ್ತು ಒಂದು, ಎರಡೇ. ತುಸು ಮಸುಕಾದ ಒಂದನ್ನೂ ಯಂತ್ರ ‘ಒಂದು’ ಎಂದೇ ಓದಿ, ಹೊಸದಾಗಿ, ಗಟ್ಟಿಯಾಗಿ ಬರೆಯುತ್ತದೆ. ಆದ್ದರಿಂದ ಸಾವಿರದ ಪ್ರತಿಯೂ ಮೊದಲನೆಯದೇ. ಬೀಜದ ವಿಷಯದಲ್ಲಿ ನಮ್ಮ ದೇಶ 2001ರಲ್ಲಿ ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿದಾಗ, ತಳಿ ಬೆಳೆಸಿದವರ ಹಕ್ಕನ್ನೂ ಉಳಿಸಿ, ಬೀಜ ಎತ್ತಿಟ್ಟುಕೊಂಡು ಮತ್ತೆ ಬಿತ್ತುವ, ನೆರೆಯವರಿಗೆ ಕೊಡುವ ರೈತನ ಹಕ್ಕನ್ನೂ ಬರೆಯಿತು. ಹಾಡಿನ ವ್ಯಾಪಾರ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿಯಿತು.

ಆ ದಾರಿಗೆ ತಳ್ಳಿದ್ದು ಒಂದು ಸಣ್ಣ ಲೆಕ್ಕ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ, ಎರಡು ಕಿವಿಗೂ ಬೇರೆಬೇರೆಯಾಗಿ, ಸದ್ದನ್ನು ಅಳೆದು ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ನಾಲ್ಕು ನಿಮಿಷದ ಹಾಡಿಗೆ ಇದು ಸುಮಾರು 42 ಎಂಬಿ ಆಗುತ್ತದೆ. ದೊಡ್ಡ ಸದ್ದಿನ ಬಗಲಲ್ಲೇ ಇರುವ ಸಣ್ಣ ಸದ್ದು ಮನುಷ್ಯರ ಕಿವಿಗೆ ಬೀಳುವುದೇ ಇಲ್ಲ. ಕೇಳಿಸದ್ದನ್ನು ಬರೆಯುವುದೇಕೆ ಎಂದು ಕೇಳಿದ್ದು ಎಂಪಿ3. ಅದರ ಸಾಧಾರಣ 128 ಕಿಲೋಬಿಟ್ ದರದಲ್ಲಿ ಅದೇ ಹಾಡು ನಾಲ್ಕು ಎಂಬಿಯೊಳಗೆ ಕೂರುತ್ತದೆ, ಹನ್ನೊಂದರಲ್ಲಿ ಒಂದು ಪಾಲು. 1998ರಲ್ಲಿ ಕೊರಿಯಾದ ಎಂಪಿಮ್ಯಾನ್ ಮತ್ತು ಅಮೆರಿಕದ ರಿಯೋ ಎಂಬ ಜೇಬಿನ ಯಂತ್ರಗಳು ಬಂದವು. ರಿಯೋ ವಿರುದ್ಧ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ಕೋರ್ಟಿಗೆ ಹೋಗಿ 1999ರಲ್ಲಿ ಸೋತಿತು. 2001ರ ಅಕ್ಟೋಬರ್ 23ರಂದು ಆಪಲ್ ಕಂಪನಿ ಐದು ಜಿಬಿಯ ಐಪಾಡ್ ತಂದು, ಸಾವಿರ ಹಾಡು ಜೇಬಿನಲ್ಲಿ ಎಂದಿತು. ಸೋತ ಕಂಪನಿಗಳಿಗೆ ಆಗ ಹೊಳೆದ ಉಪಾಯ: ಯಂತ್ರವನ್ನು ತಡೆಯಲಾಗದಿದ್ದರೆ ಹಾಡಿಗೇ ಬೀಗ ಹಾಕುವುದು. 2003ರ ಏಪ್ರಿಲ್‌ನಲ್ಲಿ ತೆರೆದ ಆಪಲ್‌ನ ಐಟ್ಯೂನ್ಸ್ ಅಂಗಡಿಯಲ್ಲಿ ಮಾರಾಟವಾದ ಹಾಡುಗಳೆಲ್ಲ ‘ಫೇರ್‌ಪ್ಲೇ’ ಎಂಬ ಬೀಗ ಹೊತ್ತೇ ಬಂದವು.

ಈ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ತುಸು ಒಳಗೆ ಇಣುಕಿ ನೋಡುವುದು ಒಳ್ಳೆಯದು, ವಾದವೆಲ್ಲ ಇಲ್ಲೇ ನಿಂತಿರುವುದರಿಂದ. ಗೂಢಲಿಪಿಯ ಶಾಸ್ತ್ರ ಹುಟ್ಟಿದ್ದು ಮೂರು ಜನರ ಕಥೆಯಿಂದ. ಚಾಮರಾಜಪೇಟೆಯ ಅಕ್ಕ ಮಲ್ಲೇಶ್ವರದ ತಂಗಿಗೆ ಪತ್ರ ಬರೆಯುತ್ತಾಳೆ. ನಡುದಾರಿಯಲ್ಲಿ ಒಬ್ಬ ಅದನ್ನು ಕದ್ದು ಓದಲು ಹೊಂಚುತ್ತಾನೆ. ಅಕ್ಕನಿಗೂ ತಂಗಿಗೂ ಗೊತ್ತಿರುವ ಗುಟ್ಟಿನ ಸಂಖ್ಯೆಯೊಂದು ಕಳ್ಳನಿಗೆ ಗೊತ್ತಿಲ್ಲದಿದ್ದರೆ ಸಾಕು, ಪತ್ರ ಅವನ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಫೇರ್‌ಪ್ಲೇ ಬಳಸಿದ ಎಇಎಸ್ ಎಂಬ ಲಿಪಿಯಲ್ಲಿ 128 ಬಿಟ್‌ನ ಗುಟ್ಟಿನ ಸಂಖ್ಯೆ ಇದ್ದರೆ, ಒಂದೊಂದಾಗಿ ಹಾಕಿ ನೋಡಬೇಕಾದ ಕೀಲಿಗಳ ಎಣಿಕೆಯೇ 39 ಅಂಕಿಗಳಷ್ಟು ಉದ್ದ. ಜಗತ್ತಿನ ಕಂಪ್ಯೂಟರುಗಳೆಲ್ಲ ಸೇರಿ ಕೂತರೂ ಮುಗಿಯದ ಕೆಲಸ. ಹಾಡಿನ ಬೀಗದಲ್ಲಿ ಮಾತ್ರ ಜನ ಮೂವರಲ್ಲ, ಇಬ್ಬರೇ. ಹಾಡು ಕೊಂಡವರೇ ತಂಗಿ, ಕಂಪನಿಯ ಕಣ್ಣಲ್ಲಿ ಅವರೇ ಕಳ್ಳರು. ಹಾಡು ಕೇಳಿಸಬೇಕಾದರೆ ಅವರ ಕೈಯಲ್ಲಿರುವ ಯಂತ್ರದೊಳಗೇ ಗುಟ್ಟಿನ ಸಂಖ್ಯೆಯೂ ಇರಲೇಬೇಕು. ಹಾಡನ್ನು ಒಂದು ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನು ಗ್ರಾಹಕರ ಹೆಸರಿನ ಇನ್ನೊಂದು ಕೀಲಿಯಿಂದ ಮುಚ್ಚಿ, ಅದನ್ನು ಕಂಪ್ಯೂಟರಿನ, ಐಪಾಡಿನ ಮೂಲೆಯಲ್ಲಿ ಅಡಗಿಸಿಟ್ಟರು. ಸುತ್ತು ಹೆಚ್ಚಾಯಿತೇ ಹೊರತು ಕೀಲಿ ಮನೆಯಿಂದ ಆಚೆ ಹೋಗಲಿಲ್ಲ. ಬಾಗಿಲಿಗೆ ಏಳು ಲಿವರಿನ ಬೀಗ ಹಾಕಿ, ಬೀಗದ ಕೈಯನ್ನು ಮೀಟರ್ ಬೋರ್ಡಿನ ಮೇಲೆ ಇಟ್ಟು ಹೋದ ಹಾಗೆ. ಹುಡುಕುವವರಿಗೆ ಬೇಕಾದ್ದು ಗಣಿತವಲ್ಲ, ಸ್ವಲ್ಪ ಪುರುಸೊತ್ತು. ಅಂಗಡಿ ತೆರೆದ ಏಳು ತಿಂಗಳಲ್ಲಿ ನಾರ್ವೆಯ ಯುವಕ ಯೋನ್ ಲೆಕ್ ಯೋಹಾನ್ಸೆನ್, ಬೀಗ ತೆರೆದು ಹಾಡು ಮೆಮೊರಿಗೆ ಬಂದ ಕ್ಷಣದಲ್ಲೇ ಅದನ್ನು ಹಿಡಿದಿಡುವ ಸಣ್ಣ ಪ್ರೋಗ್ರಾಮ್ ಬರೆದುಬಿಟ್ಟ. ಅಷ್ಟೂ ಬೇಡವಾಗಿತ್ತು. ಕೊಂಡ ಹಾಡನ್ನು ಸಾಧಾರಣ ಆಡಿಯೊ ಸಿಡಿಗೆ ಬರೆದುಕೊಳ್ಳಲು ಆಪಲ್‌ನ ತಂತ್ರಾಂಶವೇ ಬಿಡುತ್ತಿತ್ತು. ಆ ಸಿಡಿಯನ್ನು ಮತ್ತೆ ಕಂಪ್ಯೂಟರಿಗೆ ಹಾಕಿ ಎಂಪಿ3 ಮಾಡಿಕೊಂಡರೆ ಬೀಗ ಮಾಯ. ಅದನ್ನೂ ಮುಚ್ಚಿದರೆ ಇಯರ್‌ಫೋನಿನ ತೂತು ಇದ್ದೇ ಇದೆ. ಕಿವಿಗೆ ಕೇಳಿಸಿದ್ದು ಮೈಕಿಗೂ ಕೇಳಿಸುತ್ತದೆ. ಕಿವಿಗೆ ಬೀಗ ಹಾಕುವ ಎಂಜಿನಿಯರ್ ಇನ್ನೂ ಹುಟ್ಟಿಲ್ಲ.

ಐಪಾಡಿನ ಒಳಗಿನ ಏರ್ಪಾಟನ್ನೇ ಹತ್ತಿರದಿಂದ ನೋಡಿ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನ ಹಾಗೆ ಒಂದು ಡ್ರೈವ್ ಕಾಣಿಸುತ್ತಿತ್ತು, ತೆರೆದರೆ ಹಾಡುಗಳ ಸುಳಿವಿಲ್ಲ. ವಿಂಡೋಸಿನಲ್ಲಿ ‘ಅಡಗಿದ ಫೈಲುಗಳನ್ನು ತೋರಿಸು’ ಎಂಬುದಕ್ಕೆ ಟಿಕ್ ಹಾಕಿದೊಡನೆ ‘ಐಪಾಡ್ ಕಂಟ್ರೋಲ್’ ಎಂಬ ಫೋಲ್ಡರ್, ಅದರೊಳಗೆ ‘ಮ್ಯೂಸಿಕ್’, ಅದರೊಳಗೆ ಎಫ್00, ಎಫ್01, ಎಫ್02 ಎಂದು ಸಾಲು ಸಾಲು ಫೋಲ್ಡರುಗಳು. ಹಾಡುಗಳೆಲ್ಲ ಅಲ್ಲೇ. ಹೆಸರು ಮಾತ್ರ ಯಾರೋ ಕಣ್ಣು ಮುಚ್ಚಿ ಟೈಪು ಮಾಡಿದಂಥ ನಾಲ್ಕು ಅಕ್ಷರ. ಹಾಡಿನ, ಹಾಡಿದವರ ನಿಜವಾದ ಹೆಸರು ಫೈಲಿನ ಹೊಟ್ಟೆಯಲ್ಲಿ ಹಾಗೇ ಇರುತ್ತಿದ್ದುದರಿಂದ ಹೊರಕ್ಕೆ ಎಳೆದು ಹಾಕಿದರೆ ಎಲ್ಲ ಸರಿಹೋಗುತ್ತಿತ್ತು. ಇದು ಬೀಗವೇ ಅಲ್ಲ, ಪರದೆ. ಹಾಡು ಒಳಗೆ ಹೋಗಲು ಆಪಲ್‌ನ ಐಟ್ಯೂನ್ಸ್ ಒಂದೇ ಬಾಗಿಲು, ಹೊರಗೆ ಬರಲು ಬಾಗಿಲೇ ಇಲ್ಲ ಎಂಬುದು ಕಂಪನಿಯ ನಿಯಮ. ನಿಮ್ಮದೇ ಸಿಡಿಯಿಂದ ನೀವೇ ಮಾಡಿಕೊಂಡ, ಯಾವ ಬೀಗವೂ ಇಲ್ಲದ ಎಂಪಿ3ಗೂ ಇದೇ ನಿಯಮ. 2007ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಐಪಾಡುಗಳಲ್ಲಿ ಆಪಲ್ ಹಾಡುಗಳ ಪಟ್ಟಿಯ ಫೈಲಿಗೆ ಒಂದು ಗುಟ್ಟಿನ ಮೊಹರನ್ನೂ ಸೇರಿಸಿತು. ಐಟ್ಯೂನ್ಸ್ ಇಲ್ಲದ ಲಿನಕ್ಸ್ ಕಂಪ್ಯೂಟರುಗಳಿಂದ ಹಾಡು ತುಂಬಿದರೆ ಐಪಾಡ್ ತನ್ನಲ್ಲಿ ಹಾಡೇ ಇಲ್ಲ ಎನ್ನುತ್ತಿತ್ತು. ಕೆಲವೇ ದಿನದಲ್ಲಿ ಆ ಮೊಹರನ್ನೂ ಹವ್ಯಾಸಿಗಳು ಬಿಡಿಸಿದರು. ಕಳ್ಳ ಪ್ರತಿಯನ್ನು ತಡೆಯುವುದೇ ಉದ್ದೇಶವಾಗಿದ್ದರೆ ಈ ಮೊಹರಿಗೆ ಅರ್ಥವೇ ಇಲ್ಲ. ಅದು ಕಾಯುತ್ತಿದ್ದುದು ಹಾಡನ್ನಲ್ಲ, ಐಟ್ಯೂನ್ಸನ್ನು.

ಇನ್ನು ಅಂಕಿಗಳಿಗೆ ಬರೋಣ. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದನ್ನು ಬರೆದರು. ಅಲ್ಲಿಯವರೆಗೆ ಮಾರಾಟವಾದ ಐಪಾಡುಗಳು 9 ಕೋಟಿ, ಅಂಗಡಿಯಲ್ಲಿ ಮಾರಾಟವಾದ ಹಾಡುಗಳು 200 ಕೋಟಿ. ಭಾಗಿಸಿದರೆ ಒಂದು ಐಪಾಡಿಗೆ 22 ಹಾಡು. ಯಂತ್ರ ಸಾವಿರ ಹಾಡು ಹಿಡಿಯುವಂಥದು. ಅಂದರೆ ಬೀಗ ಹಾಕಿದ ಹಾಡುಗಳ ಪಾಲು ನೂರಕ್ಕೆ ಮೂರಕ್ಕಿಂತ ಕಡಿಮೆ ಎಂದು ಅವರೇ ಲೆಕ್ಕ ಕೊಟ್ಟರು. ಹಿಂದಿನ ವರ್ಷ ಜಗತ್ತಿನಲ್ಲಿ ಆನ್‌ಲೈನಿನಲ್ಲಿ ಬೀಗದೊಡನೆ ಮಾರಾಟವಾದ ಹಾಡು 200 ಕೋಟಿಗೂ ಕಡಿಮೆ. ಅದೇ ಕಂಪನಿಗಳು ಅದೇ ವರ್ಷ ಸಿಡಿಗಳಲ್ಲಿ ಯಾವ ಬೀಗವೂ ಇಲ್ಲದೆ ಮಾರಿದ್ದು 2,000 ಕೋಟಿ ಹಾಡು. ಮುಂಬಾಗಿಲು ಹಿತ್ತಿಲು ಎರಡೂ ತೆರೆದಿಟ್ಟು ಕಿಟಕಿಯೊಂದಕ್ಕೆ ಚಿಲಕ ಹಾಕಿದಂತೆ. ಬೆಂಗಳೂರಿನ ಮಟ್ಟಿಗೆ ಈ ಚಿತ್ರ ಇನ್ನೂ ವಿಚಿತ್ರ. ಐಪಾಡ್ ಇಲ್ಲಿ ಸಿಗುತ್ತಿತ್ತು, ಅದಕ್ಕೆ ಹಾಡು ಮಾರುವ ಅಂಗಡಿ ಭಾರತದಲ್ಲಿ ತೆರೆದದ್ದು 2012ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಆಪಲ್ ತನ್ನ ಹಾಡುಗಳ ಬೀಗ ತೆಗೆದು ಮೂರು ವರ್ಷ ಕಳೆದಿತ್ತು. ಆದ್ದರಿಂದ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಯಾರ ಜೇಬಿನಲ್ಲಿ ಐಪಾಡ್ ಇದ್ದರೂ ಅದರೊಳಗಿನ ಕನ್ನಡ ಹಾಡುಗಳು ಸಿಡಿಯಿಂದ ಇಳಿಸಿಕೊಂಡವು, ಇಲ್ಲವೇ ಯಾರಿಂದಲೋ ಪಡೆದವು. ತರಗುಪೇಟೆಯಿಂದ ಮಾರ್ಕೆಟ್ ದಾಟಿ ಎಸ್.ಪಿ. ರಸ್ತೆಗೆ ಬಂದರೆ ಹೆಸರಿಲ್ಲದ ಎಂಪಿ3 ಪ್ಲೇಯರುಗಳು ಸಿಗುತ್ತಿದ್ದವು, ಪೆನ್‌ಡ್ರೈವಿನ ಹಾಗೆ ಸಿಕ್ಕಿಸಿ ಹಾಡು ಸುರಿದರೆ ಆಯಿತು. ಊರಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವುದೇ ಒಂದು ಕಸುಬಾಯಿತು. ಆ ಹಾಡುಗಳಿಗೆ ಬೀಗವಿರಲಿಲ್ಲ, ಏಕೆಂದರೆ ಅವು ಬಂದದ್ದು ಸಿಡಿಯಿಂದ. ಇದನ್ನು ಮತ್ತೊಮ್ಮೆ ನಿಧಾನವಾಗಿ ಹೇಳಬೇಕು: ಕಾಸು ಕೊಡದೆ ತುಂಬಿಸಿಕೊಂಡವರ ಫೈಲು ಎಲ್ಲಿ ಬೇಕಾದರೂ ನುಡಿಯುತ್ತಿತ್ತು, ಬೀಗ ಇದ್ದದ್ದು ದುಡ್ಡು ಕೊಟ್ಟು ಕೊಂಡವರ ಫೈಲಿಗೆ ಮಾತ್ರ.

ಹಾಗಾದರೆ ಬೀಗದಿಂದ ಏನೂ ಆಗಲಿಲ್ಲವೇ? ಆಯಿತು. 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಎಂಬ ಕಂಪನಿ ತನ್ನ ಅಂಗಡಿಯ ಹಾಡುಗಳೂ ಐಪಾಡಿನಲ್ಲಿ ನುಡಿಯುವಂತೆ ‘ಹಾರ್ಮನಿ’ ಎಂಬ ಉಪಾಯ ಹೂಡಿತು. ಬೀಗವನ್ನು ಒಡೆದಲ್ಲ, ಅಂಥದೇ ಬೀಗ ತಾನೂ ಮಾಡಿ. ಆಪಲ್ ಐಪಾಡಿನ ತಂತ್ರಾಂಶ ಬದಲಿಸಿ ಆ ಹಾಡುಗಳನ್ನು ಹೊರಗಿಟ್ಟಿತು. ಹತ್ತು ವರ್ಷದ ಮೇಲೆ ಇದು ಅಮೆರಿಕದ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಜ್ಯೂರಿ ಆಪಲ್ ಪರವಾಗಿಯೇ ತೀರ್ಪು ಕೊಟ್ಟಿತು ಎಂಬುದನ್ನೂ ಹೇಳಿಬಿಡಬೇಕು. ಕಾನೂನಿನ ಕಣ್ಣಲ್ಲಿ ಅದು ತಪ್ಪಾಗಲಿಲ್ಲ. ಮೈಕ್ರೋಸಾಫ್ಟಿನ ಕಥೆ ಇನ್ನೂ ರಸವತ್ತಾದದ್ದು. 2004ರಲ್ಲಿ ‘ಪ್ಲೇಸ್ ಫಾರ್ ಶೂರ್’, ಖಂಡಿತ ನುಡಿಯುತ್ತದೆ, ಎಂಬ ಮುದ್ರೆ ಒತ್ತಿ ಹತ್ತಾರು ಕಂಪನಿಗಳ ಪ್ಲೇಯರುಗಳಿಗೆ ತನ್ನ ಬೀಗ ಕೊಟ್ಟ ಅದೇ ಕಂಪನಿ, 2006ರಲ್ಲಿ ‘ಝೂನ್’ ಎಂಬ ತನ್ನದೇ ಪ್ಲೇಯರ್ ತಂದಾಗ ಅದರಲ್ಲಿ ಆ ಮುದ್ರೆಯ ಹಾಡುಗಳು ನುಡಿಯಲಿಲ್ಲ. ಒಂದು ಝೂನಿನಿಂದ ಇನ್ನೊಂದಕ್ಕೆ ತಂತಿಯಿಲ್ಲದೆ ಹಾಡು ಕಳಿಸಬಹುದಿತ್ತು. ಪಡೆದವರು ಮೂರು ಸಲ ಅಥವಾ ಮೂರು ದಿನ ಕೇಳಬಹುದು, ಆಮೇಲೆ ಅದು ಸತ್ತಂತೆ. ನೀವೇ ಹಾಡಿ ರೆಕಾರ್ಡು ಮಾಡಿದ ಲಾಲಿ ಹಾಡಾದರೂ ಅಷ್ಟೇ. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಗ್ರಾಹಕರಿಗೆ ಒಂದು ಸಂದೇಶ ಕಳಿಸಿತು: ಆಗಸ್ಟ್ 31ರ ನಂತರ ಕೀಲಿ ಕೊಡುವ ಸರ್ವರ್ ಇರುವುದಿಲ್ಲ, ಹೊಸ ಕಂಪ್ಯೂಟರ್ ಕೊಂಡರೆ ಹಳೆಯ ಹಾಡುಗಳು ಅಲ್ಲಿ ತೆರೆಯುವುದಿಲ್ಲ. ಗಲಾಟೆಯಾದ ಮೇಲೆ ಗಡುವನ್ನು 2011ರವರೆಗೆ ಮುಂದೂಡಿದರು. ಸೋನಿ ಬಿಎಂಜಿ 2005ರಲ್ಲಿ ಸಿಡಿಗೇ ಬೀಗ ಹಾಕಲು ಹೋಗಿ, ಕೊಂಡವರ ಕಂಪ್ಯೂಟರಿನಲ್ಲಿ ಹೇಳದೆ ಕೇಳದೆ ಒಂದು ಗುಪ್ತ ಪ್ರೋಗ್ರಾಮ್ ಕೂರಿಸಿತು. ಕಂಪ್ಯೂಟರ್ ತಜ್ಞ ಮಾರ್ಕ್ ರುಸಿನೋವಿಚ್ ಅದನ್ನು ಪತ್ತೆ ಮಾಡಿದ ಮೇಲೆ ಸಿಡಿಗಳನ್ನು ವಾಪಸು ಪಡೆಯಬೇಕಾಯಿತು. ಇಷ್ಟೂ ಪ್ರಸಂಗಗಳಲ್ಲಿ ಪೆಟ್ಟು ತಿಂದವರು ಹಾಡು ಕೊಂಡವರೇ.

ಮುಚ್ಚಿದ ವ್ಯವಸ್ಥೆ ಎಂದರೇನು ಎಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಯೂನಿಕೋಡ್ ನೆಲೆಗೊಳ್ಳುವ ಮೊದಲು ಶ್ರೀಲಿಪಿಯಲ್ಲಿ ಟೈಪು ಮಾಡಿದ ಲೇಖನವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರೆಲ್ಲ ಆ ಇಂಗ್ಲಿಷ್ ಅಕ್ಷರಗಳ ಕಲಬೆರಕೆಯನ್ನು ಕಂಡವರೇ. ಅಲ್ಲಿ ಕಳ್ಳರ ಭಯವೂ ಇರಲಿಲ್ಲ, ಬೀಗವೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಸಂಕೇತ ಇಟ್ಟುಕೊಂಡಿದ್ದರು, ಅಷ್ಟೇ. ಬರೆದವರ ಬರಹ ಫಾಂಟ್ ಮಾಡಿದವರ ಹಂಗಿಗೆ ಬಿತ್ತು. ಹಾಡಿನ ಬೀಗದ ನಿಜವಾದ ಸ್ವಭಾವವೂ ಇದೇ. ಅದು ಕಳ್ಳರ ವಿಷಯವಲ್ಲ, ಸಂಕೇತ ಯಾರ ಕೈಯಲ್ಲಿದೆ ಎಂಬ ವಿಷಯ.

ಬೆಂಗಳೂರಿನಲ್ಲೇ ಇದಕ್ಕೊಂದು ಪರೀಕ್ಷೆ ನಡೆದುಹೋಗಿದೆ. 2012ರ ಫೆಬ್ರವರಿಯಲ್ಲಿ ಇಲ್ಲಿನ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆಯಿತು. ಹಾಡೊಂದು 6 ರೂಪಾಯಿಯಿಂದ ಶುರು. ಬರುವುದು ಬೀಗವಿಲ್ಲದ ಎಂಪಿ3. 2013ರ ಜೂನ್ 17ರಂದು ಅಂಗಡಿ ಮುಚ್ಚಿತು. ಕಳ್ಳ ಪ್ರತಿಗಳ ಹಾವಳಿ ಮತ್ತು ಸಣ್ಣ ಮೊತ್ತವನ್ನು ಸುಲಭವಾಗಿ ಪಾವತಿ ಮಾಡುವ ದಾರಿ ಇಲ್ಲದ್ದು ಕಾರಣ ಎಂದು ಕಂಪನಿ ಹೇಳಿತು. ನನ್ನ ವಾದಕ್ಕೆ ಎದುರಾಡುವವರು ಇಲ್ಲೇ ಕೈ ಎತ್ತುತ್ತಾರೆ: ನೋಡಿ, ಬೀಗ ತೆಗೆದರು, ಮುಳುಗಿದರು. ಕಳ್ಳ ಪ್ರತಿ ಆ ಅಂಗಡಿಗೆ ಪೆಟ್ಟು ಕೊಟ್ಟಿದ್ದು ನಿಜವಿರಬಹುದು. ಆ ಪ್ರತಿಗಳು ಎಲ್ಲಿಂದ ಬಂದವು ಎಂದು ಕೇಳಬೇಕು. ಫ್ಲೈಟ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಅವು ಸಿಡಿಗಳಿಂದ ಇಳಿದು ಊರೆಲ್ಲ ತುಂಬಿದ್ದವು. 6 ರೂಪಾಯಿಯ ಹಾಡಿಗೆ ಬೀಗ ಹಾಕಿದ್ದರೆ ಆ ಪ್ರತಿಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ಕೊಳ್ಳಲು ಬಂದ ನಾಲ್ಕು ಜನರೂ ತಮ್ಮ ಪ್ಲೇಯರಿನಲ್ಲಿ ಇದು ನುಡಿಯುತ್ತದೆಯೋ ಇಲ್ಲವೋ ಎಂದು ಅನುಮಾನಿಸಿ ವಾಪಸು ಹೋಗುತ್ತಿದ್ದರು. ಯುಪಿಐ ಬರುವುದಕ್ಕೆ ಮೂರು ವರ್ಷ ಮೊದಲು, 6 ರೂಪಾಯಿಗಾಗಿ ಕಾರ್ಡಿನ ಹದಿನಾರು ಅಂಕಿ ಒತ್ತಬೇಕಾದ ಕಾಲ ಅದು. ಬೀಗವಿಲ್ಲದಿದ್ದರೆ ವ್ಯಾಪಾರ ತಾನಾಗಿ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಗಡಿ ಮುಚ್ಚಿದ ಮರುದಿನ ಏನಾಯಿತು ಎಂಬುದರಲ್ಲಿ ವ್ಯತ್ಯಾಸ ಇದೆ. ಫ್ಲೈಟಿನಲ್ಲಿ ಕೊಂಡ ಹಾಡು ಕಂಪ್ಯೂಟರಿಗೆ ಇಳಿಸಿಕೊಂಡಿದ್ದವರ ಹತ್ತಿರ ಇವತ್ತಿಗೂ ನುಡಿಯುತ್ತದೆ, ಯಾವ ಸರ್ವರಿನ ಅಪ್ಪಣೆಯೂ ಬೇಡ. ಅದೇ ಫ್ಲಿಪ್‌ಕಾರ್ಟ್ ಬೀಗ ಹಾಕಿ ಮಾರಿದ ಇ-ಪುಸ್ತಕಗಳ ಅಂಗಡಿಯನ್ನು 2015ರ ಕೊನೆಯಲ್ಲಿ ಮುಚ್ಚಿದಾಗ, ಓದುಗರು ತಮ್ಮ ಪುಸ್ತಕಗಳನ್ನು ಕೋಬೊ ಎಂಬ ಇನ್ನೊಂದು ಕಂಪನಿಯ ಲೆಕ್ಕಕ್ಕೆ ವರ್ಗ ಮಾಡಿಸಿಕೊಳ್ಳಬೇಕಾಯಿತು. ಒಂದೇ ಕಂಪನಿ, ಒಂದೇ ಊರು, ಎರಡು ಬಗೆಯ ಸರಕು. ಪ್ರಯೋಗಶಾಲೆಯಲ್ಲೂ ಇಷ್ಟು ಚೊಕ್ಕ ಹೋಲಿಕೆ ಸಿಗುವುದು ಅಪರೂಪ.

ಹಾಡಿದವರ, ಹಾಡಿಸಿದವರ ಹೊಟ್ಟೆಪಾಡಿನ ಮಾತು ಉಳಿಯಿತು. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪಣೆಯಲ್ಲ. ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಹಾಡಿ 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗಿನಿಂದ, 1987ರಲ್ಲಿ ಲಹರಿ ಸಂಸ್ಥೆಯ ‘ಪ್ರೇಮಲೋಕ’ ಕ್ಯಾಸೆಟ್ ಬೀದಿಬೀದಿಯಲ್ಲಿ ಮೊಳಗಿದಾಗಿನವರೆಗೆ ಮತ್ತು ಆಚೆಗೂ, ಕನ್ನಡದ ಧ್ವನಿಸುರುಳಿ ಉದ್ಯಮ ಬೆಳೆದದ್ದು ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಾದ ಸರಕಿನ ಮೇಲೆಯೇ. ಕಳ್ಳ ಕ್ಯಾಸೆಟ್ಟುಗಳು ಆಗಲೂ ಇದ್ದವು, ನಷ್ಟವೂ ಆಗಿದೆ. ಅದಕ್ಕೆ ಸಿಕ್ಕ ಉತ್ತರಗಳು ಎರಡು. ಒಂದು ಬೆಲೆ: ಟಿ-ಸೀರೀಸ್ ತರಹದ ಕಂಪನಿಗಳು ಕ್ಯಾಸೆಟ್ಟಿನ ದರವನ್ನು ಇಳಿಸಿ ಬೀಡಾ ಅಂಗಡಿಯವರೆಗೂ ತಲುಪಿಸಿದಾಗ ಕಳ್ಳ ಪ್ರತಿಯ ಲಾಭವೇ ಕರಗಿತು. ಇನ್ನೊಂದು ಕಾನೂನು, ಅದೂ ಹೋಗಬೇಕಾದವರ ಮೇಲೆ ಹೋದದ್ದು: ಸಾವಿರಗಟ್ಟಲೆ ನಕಲು ಹೊಡೆದು ಮಾರುವವರ ಮೇಲೆ. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಕಳ್ಳಬಟ್ಟಿಯವರು, ಜೂಜುಕೋರರು, ಕೊಳೆಗೇರಿ ಕಬಳಿಸುವವರ ಸಾಲಿನಲ್ಲಿ ವಿಡಿಯೊ-ಆಡಿಯೊ ಪೈರೇಟುಗಳೂ ಕೂತಿದ್ದಾರೆ. ವಿಚಾರಣೆಗೆ ಮೊದಲೇ ಹಿಡಿದಿಡುವ ಕಾಯ್ದೆಯಲ್ಲಿ ಹಾಡು ನಕಲು ಮಾಡುವವರನ್ನು ಸೇರಿಸಿದ್ದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ; ಆದರೂ ಅದು ನಕಲು ಮಾರುವವರನ್ನು ಹುಡುಕಿಕೊಂಡು ಹೋಗುತ್ತದೆಯೇ ವಿನಾ ಕ್ಯಾಸೆಟ್ ಕೊಂಡ ಮನೆಯ ಟೇಪ್‌ರೆಕಾರ್ಡರಿಗೆ ಕೈ ಹಾಕುವುದಿಲ್ಲ. ಕೊನೆಗೆ ಹಾಡಿನ ಕಂಪನಿಗಳೇ ಈ ಮಾತಿಗೆ ಸಾಕ್ಷಿ ಹೇಳಿದವು. 2007ರಲ್ಲಿ ಇಎಂಐ ಬೀಗ ತೆಗೆಯಲು ಒಪ್ಪಿತು, ಅದೇ ವರ್ಷ ಅಮೆಜಾನ್ ಬರೀ ಎಂಪಿ3 ಮಾರತೊಡಗಿತು, 2009ರಲ್ಲಿ ಐಟ್ಯೂನ್ಸಿನ ಹಾಡುಗಳೆಲ್ಲ ಬೀಗಮುಕ್ತವಾದವು. ಕಳ್ಳತನ ನಿಂತುಹೋಯಿತೆಂದು ಯಾರೂ ಬೀಗ ತೆಗೆಯಲಿಲ್ಲ. ಬೀಗದ ಕೈಯೆಲ್ಲ ಒಬ್ಬನೇ ದಲ್ಲಾಳಿಯ ಸೊಂಟಕ್ಕೆ ಸೇರಿ, ದರ ನಿಗದಿಯ ಮಾತಿನಲ್ಲಿ ಆಪಲ್ ತಮಗಿಂತ ದೊಡ್ಡದಾಗಿ ಕೂತಿದೆ ಎಂಬುದು ಅವಕ್ಕೆ ತಡವಾಗಿ ಹೊಳೆಯಿತು.

ನಮ್ಮ ಕಾನೂನು ಈ ಆಟಕ್ಕೆ ಬಂದದ್ದು ಪಂದ್ಯ ಮುಗಿದ ಮೇಲೆ, ಬಂದಾಗ ಮಾತ್ರ ಸಾಕಷ್ಟು ವಿವೇಕದಿಂದಲೇ ಬಂತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಎಂಬ ಸೆಕ್ಷನ್ ಬೀಗ ಒಡೆಯುವುದನ್ನು ಅಪರಾಧವೆನ್ನುತ್ತದೆ, ಎರಡು ವರ್ಷದವರೆಗೆ ಜೈಲು, ಒಂದು ಷರತ್ತಿನೊಡನೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದಿರಬೇಕು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ತಪ್ಪಿಲ್ಲ. 1998ರ ಅಮೆರಿಕದ ಕಾನೂನು ಒಡೆಯುವುದನ್ನೇ ಹೆಚ್ಚುಕಡಿಮೆ ತಪ್ಪೆಂದಿತು, ನಮ್ಮದು ಏತಕ್ಕೆ ಒಡೆದಿರಿ ಎಂದು ಕೇಳುತ್ತದೆ. ಇದರಲ್ಲಿ ಒಂದು ಸ್ವಾರಸ್ಯದ ಉಪವಾಕ್ಯವಿದೆ. ಇನ್ನೊಬ್ಬರಿಗಾಗಿ ಬೀಗ ತೆಗೆದುಕೊಡುವವರು ಅವರ ಹೆಸರು, ವಿಳಾಸ, ಏತಕ್ಕಾಗಿ ತೆಗೆಸಿದರು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಬೇಕಂತೆ. ಎಸ್.ಪಿ. ರಸ್ತೆಯ ಮಳಿಗೆಯೊಂದರಲ್ಲಿ, ಬೆಸುಗೆ ಹಾಕುವ ಕಡ್ಡಿಯ ಪಕ್ಕದಲ್ಲಿ ಇಂಥ ರಿಜಿಸ್ಟರ್ ಪುಸ್ತಕವೊಂದನ್ನು ಕಲ್ಪಿಸಿಕೊಂಡರೆ ನಗು ಬರುತ್ತದೆ. ಆದರೆ ಕಾನೂನಿನ ತತ್ವ ಸರಿಯಾಗಿದೆ: ಬೀಗದ ರಿಪೇರಿಯವನಿಂದ ಕೇಳುವಷ್ಟನ್ನೇ ಇವನಿಂದಲೂ ಕೇಳಿದೆ.

ಈಗ ಯಾರು ಹಾಡು ಕೊಳ್ಳುತ್ತಾರೆ, ಎಲ್ಲ ಫೋನಿನ ಆ್ಯಪಿನಲ್ಲೇ ಕೇಳುತ್ತಾರೆ, ಅಲ್ಲಿ ಬೀಗವೂ ಇದೆ, ಯಾರಿಗೂ ಬೇಸರವಿಲ್ಲ ಎಂಬ ಮಾತು ಬರುತ್ತದೆ. ಬಾಡಿಗೆ ಮನೆಯ ಬೀಗದ ಬಗ್ಗೆ ನನಗೆ ತಕರಾರಿಲ್ಲ. ತಿಂಗಳ ಚಂದಾ ಕೊಟ್ಟವರಿಗೆ ತಾವು ಬಾಡಿಗೆದಾರರೆಂಬುದು ಗೊತ್ತಿರುತ್ತದೆ. ಫೋನಿಗೆ ‘ಇಳಿಸಿಕೊಂಡ’ ಹಾಡು ತಮ್ಮದಲ್ಲ ಎಂಬುದು ಗೊತ್ತಿದೆಯೇ ಎಂಬುದೇ ಅನುಮಾನ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈನಿಂದ ಸರೆಗಮದ ಹಾಡುಗಳು ಕೆಲವೇ ವಾರದಲ್ಲಿ ಮಾಯವಾಗಿ, ಒಪ್ಪಂದವಾದ ಮೇಲೆ 2020ರಲ್ಲಿ ಮರಳಿದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಆ್ಯಪನ್ನೇ ಮುಚ್ಚಿತು.

ಅದೇ ಸರೆಗಮ, ಹಿಂದಿನ ಎಚ್‌ಎಂವಿ, 2017ರಲ್ಲಿ ತಂದ ‘ಕಾರವಾನ್’ ಈ ವಾದಕ್ಕೆ ಕಟ್ಟಕಡೆಯ ಮತ್ತು ಕಷ್ಟದ ಉದಾಹರಣೆ. ಹಳೆಯ ಟ್ರಾನ್ಸಿಸ್ಟರಿನ ಆಕಾರ, ತಿರುಗಿಸುವ ಗುಂಡಿ, ಒಳಗೆ ಮೊದಲೇ ತುಂಬಿಸಿದ 5,000 ಹಳೆಯ ಹಾಡು, ಸುಮಾರು 6,000 ರೂಪಾಯಿ. ಕನ್ನಡ ಹಾಡುಗಳ ಆವೃತ್ತಿಯೂ ಬಂತು. ಇದಕ್ಕಿಂತ ಮುಚ್ಚಿದ ಯಂತ್ರ ಇನ್ನೊಂದಿಲ್ಲ: ಒಳಗಿನ ಹಾಡನ್ನು ಹೊರಗೆ ತೆಗೆಯಲು ಯಾವ ದಾರಿಯನ್ನೂ ಇಟ್ಟಿಲ್ಲ. ಆದರೂ ಜನ ಇಷ್ಟಪಟ್ಟು ಕೊಂಡರು, ಮುಖ್ಯವಾಗಿ ವಯಸ್ಸಾದ ತಂದೆತಾಯಿಗೆ ಕೊಡಲು. ಮುಚ್ಚಿದ್ದೆಲ್ಲ ಕೆಟ್ಟದ್ದು ಎಂದು ವಾದಿಸುವವರು ಇಲ್ಲಿ ತಡವರಿಸಬೇಕಾಗುತ್ತದೆ. ಪಾಸ್‌ವರ್ಡ್ ಇಲ್ಲ, ಲಾಗಿನ್ ಇಲ್ಲ, ಎಲ್ಲೋ ಇರುವ ಸರ್ವರಿನಿಂದ ಕೀಲಿ ಬರಬೇಕಾಗಿಲ್ಲ. ಸರೆಗಮ ನಾಳೆ ಬಾಗಿಲು ಹಾಕಿದರೂ ಗುಂಡಿ ತಿರುಗಿಸಿದರೆ ಹಾಡು ಬರುತ್ತದೆ. ಇದು ಹಾಡಿನ ವ್ಯಾಪಾರ ಎನ್ನುವುದಕ್ಕಿಂತ ರೇಡಿಯೋ ವ್ಯಾಪಾರ. ಯಂತ್ರಕ್ಕೂ ಹಾಡಿಗೂ ಸೇರಿ ಒಂದೇ ಬೆಲೆ, ಒಂದೇ ಸಲ. ದಲ್ಲಾಳಿ ತನ್ನ ಪಾಲು ತೆಗೆದುಕೊಂಡು ಎದ್ದು ಹೋಗಿದ್ದಾನೆ. ನನ್ನ ತಕರಾರು ಡಬ್ಬಿ ಕೆಟ್ಟ ದಿನದ್ದು. ಟ್ರಾನ್ಸಿಸ್ಟರ್ ಕೆಟ್ಟರೆ ಆಕಾಶವಾಣಿ ಸಾಯುವುದಿಲ್ಲ, ಟೇಪ್‌ರೆಕಾರ್ಡರ್ ಕೆಟ್ಟರೆ ಕ್ಯಾಸೆಟ್ ಉಳಿಯುತ್ತದೆ. ಇಲ್ಲಿ ಬೋರ್ಡು ಸುಟ್ಟರೆ ಐದು ಸಾವಿರ ಹಾಡೂ ಅದರೊಡನೆ ಹೋಯಿತು, ಅವುಗಳ ಬೆಲೆಯನ್ನು ಪೂರ್ತಿ ತೆತ್ತಿದ್ದರೂ. ಆದರೂ ಯಂತ್ರ ಮಾಡಿದವರು ಒಂದು ಯುಎಸ್‌ಬಿ ಕಿಂಡಿ ಬಿಟ್ಟಿದ್ದಾರೆ. ಪೆನ್‌ಡ್ರೈವಿಗೆ ಬೇಕಾದ ಎಂಪಿ3 ಹಾಕಿಕೊಂಡು ಬಂದು ಸಿಕ್ಕಿಸಿದರೆ, ಫೈಲು ಎಲ್ಲಿಯದು, ಕೊಂಡದ್ದೋ ತುಂಬಿಸಿಕೊಂಡದ್ದೋ ಎಂದು ಕೇಳದೆ ಅದು ಹಾಡುತ್ತದೆ.